ತಿಪ್ಪೇಸ್ವಾಮಿಯವರ ಹನ್ನೊಂದು ಅಂಕ

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಹಲವು ಬಗೆಯ ಮೂಗುಗಳಿವೆ. ಫೈಲು ಯಾವ ಮೇಜಿನಲ್ಲಿ ಮಲಗಿದೆ ಎಂದು ವಾಸನೆ ಹಿಡಿಯುವ ಮೂಗು, ಯಾರ ಬಡ್ತಿ ಬೇಯುತ್ತಿದೆ ಎಂದು ಹಿಡಿಯುವ ಮೂಗು, ಸಾಹೇಬರ ಮೂಡು ಲಿಫ್ಟಿನಲ್ಲೇ ತಿಳಿಯುವ ಮೂಗು. ಆದರೆ ಮೂಗಿಗೆಂದು ಇರುವ ಮೂಲ ಕೆಲಸವನ್ನು ಮಾಡುವ ಮೂಗು ನಾನು ಕಂಡಂತೆ ಅಲ್ಲಿ ಒಂದೇ ಇತ್ತು. ಅದು ಚಳ್ಳಕೆರೆಯ ತಿಪ್ಪೇಸ್ವಾಮಿಯವರದು.

ನೋಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಸ್ವಲ್ಪ ಚಪ್ಪಟೆ, ಕನ್ನಡಕ ಜಾರದಂತೆ ನಡುವೆ ಒಂದು ದಿಬ್ಬ. ಆದರೆ ಅದು ತರಬೇತಿ ಪಡೆದ ಮೂಗು. ಅವರ ತಂದೆ ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಶೇಂಗಾ ಮೂಟೆಗಳನ್ನು ಪರೀಕ್ಷಿಸುವ ಕೆಲಸಕ್ಕಿದ್ದರು. ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಅದರಲ್ಲಿ ಬಂದ ಬೀಜವನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಹೊಸದು, ಮುಗ್ಗಲು, ಕಮಟು ಎಂದು ಮೂರು ರಾಶಿ ಮಾಡುವುದು ಅವರ ಉದ್ಯೋಗ. ಎಣ್ಣೆಯ ಪದಾರ್ಥ ಹಳತಾಗಿ ಕೆಟ್ಟಾಗ ಬರುವ ವಾಸನೆಯೇ ಕಮಟು. ಗೊತ್ತಿಲ್ಲದವರು ಎರಡು ವರ್ಷ ಮರೆತುಹೋದ ಕೊಬ್ಬರಿ ಡಬ್ಬಿಯ ಮುಚ್ಚಳ ತೆಗೆದು ನೋಡಬಹುದು. ತಿಪ್ಪೇಸ್ವಾಮಿ ಶಾಲೆಯ ರಜೆಯಲ್ಲಿ ಅಪ್ಪನ ಜೊತೆ ಗಿರಣಿಗೆ ಹೋಗಿ ಈ ವಿದ್ಯೆಯನ್ನು ಎಷ್ಟು ಕಲಿತರೆಂದರೆ, ಕೊಳವೆ ಚುಚ್ಚುವ ಮೊದಲೇ, ಮೂಟೆಯ ಪಕ್ಕದಲ್ಲಿ ನಿಂತು ‘ಕಮಟು’ ಅನ್ನುತ್ತಿದ್ದರು. ಗಿರಣಿಯ ಮಾಲೀಕರು ಒಂದು ಸಲ ತಲೆ ಸವರಿ ಬೆಲ್ಲ ಕೊಟ್ಟರಂತೆ. ಆ ಬೆಲ್ಲವೇ ಅವರ ಮೂಗಿಗೆ ಸಿಕ್ಕ ಮೊದಲ ಮತ್ತು ಕೊನೆಯ ಪುರಸ್ಕಾರ.

ಇಂಥ ಮೂಗನ್ನು ಹೊತ್ತುಕೊಂಡು ಅವರು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದರು. ಸರ್ಕಾರಕ್ಕೆ ಮೂಗು ಬೇಕಾಗಿರಲಿಲ್ಲ, ಕೈ ಬೇಕಿತ್ತು. ಕೈಯನ್ನು ಮೂವತ್ತೇಳು ವರ್ಷ ಕೊಟ್ಟು ಸೆಕ್ಷನ್ ಆಫೀಸರ್ ಆದರು. ಮೂಗು ಮನೆಯಲ್ಲೇ ಉಳಿಯಿತು. ಮನೆಯಲ್ಲಿ ಅದಕ್ಕೆ ಕೆಲಸ ಸಿಕ್ಕಿದ್ದು ನಮ್ಮ ರಸಪರೀಕ್ಷಾ ಸಮಿತಿಯಿಂದ.

ಸಮಿತಿಯೆಂದರೆ ಸುಮ್ಮನೆ ಅಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾಲ್ಕು ಜನ ಕನ್ನಡಿಗರು ಕೂಡಿ, ಜಗತ್ತಿನ ಸಕಲ ಮದ್ಯಗಳನ್ನೂ, ಹಣ್ಣು, ಬೇರು, ಬೀಜ, ಕೆನೆ ಬೆರೆಸಿ ಸಿಹಿ ಮಾಡಿದ ಸಕಲ ಲಿಕರ್‌ಗಳನ್ನೂ ನ್ಯಾಯವಾಗಿ ಪರೀಕ್ಷಿಸಿ ಅಂಕ ಕೊಡತಕ್ಕದ್ದು ಎಂದು ನಿರ್ಣಯಿಸಿ ಕಟ್ಟಿದ ಸಂಸ್ಥೆ ಅದು. ಪ್ರತಿ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದೂವರೆಗೆ. ಬಣ್ಣಕ್ಕೆ ಹತ್ತು, ವಾಸನೆಗೆ ಮೂವತ್ತು, ರುಚಿಗೆ ನಲವತ್ತು, ಗಂಟಲಿಳಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ ಇಪ್ಪತ್ತು, ಒಟ್ಟು ನೂರು. ಹಸಿರು ರಟ್ಟಿನ ರಿಜಿಸ್ಟರು. ಸ್ಥಳ ತಿಪ್ಪೇಸ್ವಾಮಿಯವರ ಕ್ವಾರ್ಟರ್ಸು. ಯಾಕೆಂದರೆ ಅನಂತಮೂರ್ತಿಯವರ ಮನೆಯಲ್ಲಿ ದೇವರ ಕೋಣೆ ಹಾಲಿಗೆ ಅಂಟಿಕೊಂಡೇ ಇತ್ತು, ಶ್ರೀವತ್ಸರ ಮನೆಯಲ್ಲಿ ಅವರ ಮಾವ ಇದ್ದರು, ನನ್ನ ಮನೆಯಲ್ಲಿ ನನ್ನ ಹೆಂಡತಿ ಇದ್ದಳು.

ಅನಂತಮೂರ್ತಿ ನಮ್ಮ ಅಧ್ಯಕ್ಷರು. ಜಾಯಿಂಟ್ ಸೆಕ್ರೆಟರಿಯಾಗಿ ನಿವೃತ್ತರಾಗಿ ಆರು ವರ್ಷವಾಗಿತ್ತು. ಅವರು ಕೂರುವ ಕುರ್ಚಿ ಮಾತ್ರ ನಿವೃತ್ತವಾಗಿರಲಿಲ್ಲ. ಶ್ರೀವತ್ಸ ಇನ್ನೂ ಸೇವೆಯಲ್ಲಿರುವ ಡೈರೆಕ್ಟರ್. ನಾನು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ಡೆಪ್ಯುಟಿ ಸೆಕ್ರೆಟರಿ. ತಿಪ್ಪೇಸ್ವಾಮಿ ಸಂಚಾಲಕರು. ಸಂಚಾಲಕರೆಂದರೆ ಬಾಟಲಿ ತರುವವರು, ಬಿರಡೆ ತೆಗೆಯುವವರು, ಸುರಿಯುವವರು, ಲೋಟ ತೊಳೆಯುವವರು, ರಿಜಿಸ್ಟರು ಬರೆಯುವವರು. ಅಂಕ ಕೊಡುವವರಲ್ಲ. ರಿಜಿಸ್ಟರಿನಲ್ಲಿ ಮೂರು ಕಾಲಂಗಳಿದ್ದವು, ನಮ್ಮ ಮೂವರಿಗೆ. ನಾಲ್ಕನೆಯದು ಷರಾ. ಅದರಲ್ಲಿ ತಿಪ್ಪೇಸ್ವಾಮಿ ಪ್ರತಿ ಸಲವೂ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು: ‘ಸಭೆ ಒಪ್ಪಿತು.’

ಅಂಕ ಕೊಡುವ ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಸಚಿವಾಲಯದಲ್ಲಿ ಬೆಳೆದವರಿಗೆ ಅದನ್ನು ಬರೆದುಕೊಡಬೇಕಾಗಿಯೂ ಇಲ್ಲ. ಅಧ್ಯಕ್ಷರು ಮೊದಲು ಕುಡಿಯುತ್ತಾರೆ, ಮೊದಲು ಹೇಳುತ್ತಾರೆ. ಅವರು ಎಂಬತ್ತು ಎಂದರೆ ಶ್ರೀವತ್ಸ ಎಪ್ಪತ್ತೊಂಬತ್ತು, ನಾನು ಎಪ್ಪತ್ತೆಂಟು. ಅವರು ನಲವತ್ತು ಎಂದರೆ ಶ್ರೀವತ್ಸ ಮುಖ ಕಿವುಚಿ ಮೂವತ್ತೊಂಬತ್ತು, ನಾನು ಇನ್ನೂ ಹೆಚ್ಚು ಕಿವುಚಿ ಮೂವತ್ತೆಂಟು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ಶ್ರೀವತ್ಸ, ಅಧ್ಯಕ್ಷರ ಎಂಬತ್ತಕ್ಕೆ ಎಂಬತ್ತೊಂದು ಹೇಳಿಬಿಟ್ಟರು. ಕೂಡಲೇ ಕೆಮ್ಮಿ, “ಎಪ್ಪತ್ತೊಂಬತ್ತು ಅಂದೆ” ಎಂದರು. ತಿಪ್ಪೇಸ್ವಾಮಿ ಎಪ್ಪತ್ತೊಂಬತ್ತೇ ಬರೆದಿದ್ದರು, ಅವರೂ ಸಚಿವಾಲಯದವರೇ.

ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮ ಅಧ್ಯಕ್ಷರು ನಶ್ಯ ಹಾಕುತ್ತಿದ್ದರು. ಪ್ರತಿ ಲೋಟವನ್ನು ಮೂಸುವ ಮುನ್ನ, “ಮೂಗು ಸ್ವಲ್ಪ ಕ್ಲೀನ್ ಆಗ್ಲಿ” ಎಂದು ಬೆಳ್ಳಿ ಡಬ್ಬಿ ತೆಗೆದು ಒಂದು ಚಿಟಿಕೆ ಎಡಕ್ಕೆ, ಒಂದು ಚಿಟಿಕೆ ಬಲಕ್ಕೆ ಏರಿಸಿ, ಮೂರು ಸೀನು ಸೀನಿ, ಆಮೇಲೆ ಲೋಟವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆ ಮೂಗಿನ ಕೆಳಗೆ ಸೀಮೆಎಣ್ಣೆ ಹಿಡಿದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ಬಾಟಲಿಯ ಚೀಟಿ ನೋಡಿ ಅಂಕ ಕೊಡುತ್ತಿದ್ದರು. ಚೀಟಿಯ ಮೇಲೆ ಕೋಟೆ, ಕುದುರೆ, ಚಿನ್ನದ ಅಕ್ಷರ ಇದ್ದರೆ ತೊಂಬತ್ತರ ಮೇಲೆ.

ಒಮ್ಮೆ ತಿಪ್ಪೇಸ್ವಾಮಿ ಧೈರ್ಯ ಮಾಡಿ, “ಸರ್, ಬಾಟ್ಲಿಗೆ ಪೇಪರ್ ಸುತ್ತಿ ತಂದ್ರೆ ಹೇಗೆ? ಹೆಸ್ರು ಕಾಣ್ದಿದ್ರೆ ಪರೀಕ್ಷೆ ಇನ್ನೂ ಚೆನ್ನಾಗಾಗುತ್ತೆ” ಎಂದಿದ್ದರು.

“ಅಲ್ರೀ ತಿಪ್ಪೇಸ್ವಾಮಿ, ಮುಖ ಮುಚ್ಕೊಂಡ್ ಬಂದವ್ರನ್ನ ಮನೆ ಒಳಗೆ ಬಿಟ್ಕೊಳ್ತೀರಾ ನೀವು?” ಎಂದರು ಅಧ್ಯಕ್ಷರು.

ನಾವೆಲ್ಲ ನಕ್ಕೆವು. ಮೊದಲು ಶ್ರೀವತ್ಸ, ಆಮೇಲೆ ನಾನು.

ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವರ ಅಡುಗೆಮನೆಯ ಪಕ್ಕದ ಪುಟ್ಟ ಬಾಲ್ಕನಿಯಲ್ಲಿ. ಇದು ನನಗೆ ಗೊತ್ತಾದದ್ದು ಒಂದು ಶನಿವಾರ ಕೊಡೆ ಮರೆತಿದ್ದೆನೆಂದು ಹೋದಾಗ. ತಿಪ್ಪೇಸ್ವಾಮಿ ಬನಿಯನ್ ಹಾಕಿಕೊಂಡು, ಕನ್ನಡಕ ತೆಗೆದಿಟ್ಟು, ಯುದ್ಧಕ್ಕೆ ಹೊರಟ ಸೇನಾಪತಿಯ ಗಾಂಭೀರ್ಯದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಐದು ಸಣ್ಣ ಲೋಟ, ಒಂದು ಚೆಂಬು ಉಗುರುಬೆಚ್ಚನೆ ನೀರು, ಒಂದು ಬಟ್ಟಲು ಒಗ್ಗರಣೆ ಹಾಕದ ಮಂಡಕ್ಕಿ. ಒಂದು ಗುಟುಕು ಬಾಯಿಗೆ, ಅತ್ತಿಂದಿತ್ತ ಆಡಿಸಿ, ಮೋರಿಗೆ ಉಗಿದು, ಮಂಡಕ್ಕಿ ಜಗಿದು, ನೀರು ಮುಕ್ಕಳಿಸಿ, ನೋಟ್ ಪುಸ್ತಕದಲ್ಲಿ ಬರೆದು, ಮುಂದಿನ ಲೋಟ.

ಅವರ ಹೆಂಡತಿ ಶೈಲಜಾ ಬಾಗಿಲಲ್ಲಿ ನಿಂತು ನನಗೆ ಹೇಳಿದರು: “ನೋಡಿ ಇವರ ಚೆಂದಾನ. ನುಂಗೋದಿಲ್ಲ ಅಂದ್ಮೇಲೆ ಬಾಯಿಗ್ಯಾಕೆ ಹಾಕ್ಕೋಬೇಕು? ಕುಡಿಯೋ ಗಂಡಸ್ರನ್ನ ಕಂಡಿದೀನಿ. ಉಗಿಯೋಕೆ ಅಂತ್ಲೇ ಕುಡಿಯೋ ಗಂಡಸು ಇವ್ರೊಬ್ರೇ.”

“ನೀನು ಸಾರಿನ ಉಪ್ಪು ನೋಡೋವಾಗ ಇಡೀ ಪಾತ್ರೆ ಕುಡೀತೀಯಾ?” ಎಂದರು ತಿಪ್ಪೇಸ್ವಾಮಿ.

“ನಾನು ಅದಕ್ಕೆ ಪುಸ್ತಕ ಬರೆಯಲ್ಲ.”

ಪುಸ್ತಕವನ್ನು ಅವರು ನನಗೆ ತೋರಿಸಿದರು. ಅಂಥ ಬರವಣಿಗೆಯನ್ನು ನಾನು ಮೊದಲು ಕಂಡಿರಲಿಲ್ಲ. ಗುರ್‌ಗಾಂವಿನಿಂದ ತಂದ ರಮ್ಮಿಗೆ: ‘ಆಲೆಮನೆ ಕೊಪ್ಪರಿಗೆಯ ತಳ. ಸ್ವಲ್ಪ ಸೀದಿದೆ, ಆದರೆ ಸೀದದ್ದನ್ನು ಮುಚ್ಚಿಟ್ಟಿಲ್ಲ. 68.’ ಒಂದು ಕಾಫಿ ಲಿಕರಿಗೆ: ‘ಎರಡನೆಯ ಸಲ ನೀರು ಹಾಕಿದ ಡಿಕಾಕ್ಷನ್. ತಪ್ಪನ್ನು ಸಕ್ಕರೆ ಮುಚ್ಚುತ್ತಿದೆ. 35.’ ಒಂದು ಜಿನ್ನಿಗೆ: ‘ಧನಿಯಾ, ಕಿತ್ತಳೆ ಸಿಪ್ಪೆ, ಆಗತಾನೆ ಕೆತ್ತಿದ ಪೆನ್ಸಿಲ್. 74.’ ಕೋಟೆ, ಕುದುರೆ, ಚಿನ್ನದ ಅಕ್ಷರಗಳಿದ್ದ ವಿಸ್ಕಿಗೆ: ‘ಬೀಗ ಹಾಕಿದ ಸೆಕ್ಷನ್ನಿನ ಹಳೇ ಫೈಲು. ಬಾಟಲಿ ಚೆನ್ನಾಗಿದೆ. 41.’ ನಲವತ್ತು ಗಿಡಮೂಲಿಕೆ ಹಾಕಿದ್ದೇವೆಂದು ಚೀಟಿಯಲ್ಲಿ ಬರೆದುಕೊಂಡಿದ್ದ ಕಹಿ ಲಿಕರಿಗೆ ಮಾತ್ರ ಒಂದು ಪುಟ. ‘ಮೊದಲು ಜ್ಯೇಷ್ಠಮಧು. ಆಮೇಲೆ ಓಂಕಾಳು. ಕೊನೆಗೆ ಕಹಿ, ಬಹಳ ಹೊತ್ತು ಕಹಿ, ಆದರೆ ಮೋಸವಿಲ್ಲದ ಕಹಿ. ಲೆಕ್ಕ ಹಾಕಿದೆ, ನಲವತ್ತಿಲ್ಲ, ಹನ್ನೊಂದೋ ಹನ್ನೆರಡೋ. ಆದರೂ 88.’ ಇದಕ್ಕೆ ನಮ್ಮ ಸಮಿತಿ ಕೊಟ್ಟಿದ್ದದ್ದು ಇಪ್ಪತ್ತೆರಡು, ಇಪ್ಪತ್ತೊಂದು, ಇಪ್ಪತ್ತು. ಅಧ್ಯಕ್ಷರಿಗೆ ಅದು ಕೆಮ್ಮಿನ ಔಷಧಿಯಂತೆ ಕಂಡಿತ್ತು. ಷರಾ: ‘ಸಭೆ ಒಪ್ಪಿತು.’

“ಇದನ್ನ ನೀವು ಸಭೆಯಲ್ಲಿ ಯಾಕೆ ಹೇಳೋದಿಲ್ಲ?” ಎಂದೆ, ಕೇಳಬಾರದಿತ್ತು.

“ನನಗೆ ಕಾಲಂ ಇಲ್ಲವಲ್ಲ ಸರ್.”

ಅವರ ಮಗಳು ಧಾರಿಣಿ ನೋಯ್ಡಾದ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು, ಫೋನಿನಿಂದ ತಲೆಯೆತ್ತಿ, “ಅಪ್ಪಾ, ಯಾರ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ ನಾ. ಲೋಗ್ ಪಾಗಲ್ ಹೋ ಜಾಯೇಂಗೇ, ಜನಕ್ಕೆ ಹುಚ್ಚೇ ಹಿಡಿಯುತ್ತೆ. ಪೆನ್ಸಿಲ್ ಸ್ಮೆಲ್ ಅಂತ ಬೇರೆ ಯಾರು ಬರೀತಾರೆ?” ಎಂದಳು.

“ಅದು ರಿಜಿಸ್ಟರ್ ಅಲ್ಲ ಕಣಮ್ಮ.”

“ತೋ ಏನಾಯ್ತು?”

“ರಿಜಿಸ್ಟರ್ನಲ್ಲಿ ಬಂದ್ರೇನೇ ಬಂದ ಹಾಗೆ.”

ಮಗಳು ಹಣೆ ಚಚ್ಚಿಕೊಂಡಳು. ಆದರೆ ನನಗೆ ಅರ್ಥವಾಯಿತು. ಮೂವತ್ತೇಳು ವರ್ಷ ಬೇರೆಯವರ ಅಭಿಪ್ರಾಯವನ್ನು ತಮ್ಮ ಅಕ್ಷರದಲ್ಲಿ ಬರೆದ ಮನುಷ್ಯನಿಗೆ ಬೇಕಾಗಿದ್ದದ್ದು ಒಂದೇ: ತನ್ನ ಅಕ್ಷರದಲ್ಲಿ ತನ್ನದೊಂದು ಅಭಿಪ್ರಾಯ, ಅದೇ ಹಸಿರು ರಟ್ಟಿನೊಳಗೆ, ಅದೇ ಸಾಹೇಬರ ಅಂಕದ ಪಕ್ಕದಲ್ಲಿ. ಸೈನ್ಯ, ಸಿಂಹಾಸನ ಯಾವುದನ್ನೂ ಕೇಳಲಿಲ್ಲ. ಸ್ಕೇಲಿನಿಂದ ಎಳೆದ ಒಂದು ಇಂಚು ಅಗಲದ ಜಾಗ.

ಅದನ್ನು ಅಧ್ಯಕ್ಷರು ಕೊಡುತ್ತೇನೆಂದಿದ್ದರು. ಯಾವುದೋ ಸಭೆಯಲ್ಲಿ, ಐದನೆಯ ಲೋಟದ ಔದಾರ್ಯದಲ್ಲಿ: “ತಿಪ್ಪೇಸ್ವಾಮಿ, ನೀವು ರಿಟೈರ್ ಆಗ್ರಿ. ಪೆನ್ಷನರ್ಸ್ ಎಲ್ಲಾ ಒಂದೇ ರೀ. ಆವತ್ತಿಂದ ನಿಮಗೂ ಒಂದು ಕಾಲಂ. ಶ್ರೀವತ್ಸ, ನೋಟ್ ಮಾಡ್ಕೊಳ್ಳಿ.” ಶ್ರೀವತ್ಸ ತಲೆಯಾಡಿಸಿದರು. ನೋಟ್ ಮಾಡಿಕೊಂಡವರು ತಿಪ್ಪೇಸ್ವಾಮಿ.

ಹೋದ ವರ್ಷ ಜನವರಿ ಮೂವತ್ತೊಂದಕ್ಕೆ ಅವರು ನಿವೃತ್ತರಾದರು. ಆಫೀಸಿನಲ್ಲಿ ಶಾಲು, ಗೋಡೆ ಗಡಿಯಾರ, ಸಮೋಸ. ಕ್ವಾರ್ಟರ್ಸನ್ನು ಇನ್ನು ಆರು ತಿಂಗಳು ಇಟ್ಟುಕೊಳ್ಳಬಹುದಿತ್ತು. ಆಮೇಲೆ ನೋಯ್ಡಾದ ಫ್ಲಾಟಿಗೆ ಹೋಗಬೇಕು. ಶಾಲನ್ನು ಶೈಲಜಾ ಮಡಿಸಿಟ್ಟರು, ಗಡಿಯಾರವನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ತಿಪ್ಪೇಸ್ವಾಮಿ ಆ ಸಂಜೆಯೇ ರಿಜಿಸ್ಟರು ತೆಗೆದು, ಹೊಸ ಪುಟದಲ್ಲಿ ಷರಾದ ಗೆರೆಯನ್ನು ಬಲಕ್ಕೆ ಸರಿಸಿ, ನಾಲ್ಕನೆಯ ಕಾಲಂ ಎಳೆದರು. ತಲೆಯಲ್ಲಿ ‘ಶ್ರೀ ತಿಪ್ಪೇಸ್ವಾಮಿ’ ಎಂದು ಬರೆದು, ಶ್ರೀ ಹೊಡೆದುಹಾಕಿ, ಮತ್ತೆ ಬರೆದರು. ಇದನ್ನು ಶೈಲಜಾ ಆಮೇಲೆ ನನಗೆ ಹೇಳಿದ್ದು.

ಫೆಬ್ರವರಿಯ ಎರಡನೆಯ ಭಾನುವಾರ. ಚಳಿ ಸಡಿಲಾಗಿ ಬಾಲ್ಕನಿಗೆ ಹಿತವಾದ ಬಿಸಿಲು ಬಿದ್ದಿತ್ತು. ತಿಪ್ಪೇಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ನಾಲ್ಕನೆಯ ಲೋಟವನ್ನೂ ಟ್ರೇಯಲ್ಲಿ ಇಟ್ಟು ಕಾಯುತ್ತಿದ್ದರು. ಅನಂತಮೂರ್ತಿ ಬಂದರು. ಯಾವಾಗಲೂ ಬರಿಗೈಯಲ್ಲಿ ಬರುವ ಅವರು ಅಂದು ಕಂಕುಳಲ್ಲಿ ಒಂದು ಪೊಟ್ಟಣ ಇಟ್ಟುಕೊಂಡಿದ್ದರು.

“ಇವತ್ತು ಬಾಟ್ಲಿ ನಂದು. ಎರಡ್ಸಾವಿರದ ಒಂಬತ್ತರಲ್ಲಿ ಫಾರಿನ್‌ಗೆ ಡೆಲಿಗೇಶನ್ ಹೋದಾಗ ಅಲ್ಲಿನ ಮಂತ್ರಿ ಕೈಯಾರೆ ಕೊಟ್ಟಿದ್ದು. ಯಾರಿಗೂ ಕೊಟ್ಟಿಲ್ಲ, ಬೀರುನಲ್ಲೇ ಇಟ್ಟಿದ್ದೆ. ತಿಪ್ಪೇಸ್ವಾಮಿ ರಿಟೈರ್‌ಮೆಂಟ್ ಅಂತ ತಂದೆ.”

ಬಾದಾಮಿ ಮತ್ತು ಹಾಲಿನ ಕೆನೆಯಿಂದ ಮಾಡಿದ ಲಿಕರ್. ಬಾಟಲಿಯ ಮೇಲೆ ಕೋಟೆ ಇತ್ತು, ಕುದುರೆ ಇತ್ತು, ಚಿನ್ನದ ಅಕ್ಷರ ಇತ್ತು, ಜೊತೆಗೆ ಒಬ್ಬ ರಾಣಿಯೂ ಇದ್ದಳು. ಉಕ್ಕಿನ ಬೀರು. ದೆಹಲಿಯ ಹದಿನೈದು ಬೇಸಿಗೆ. ಬಾದಾಮಿ, ಕೆನೆ. ಇದನ್ನು ಬಿಡಿಸಿ ಹೇಳುವುದಕ್ಕೆ ರಸಾಯನಶಾಸ್ತ್ರ ಬೇಡ, ಅಡುಗೆಮನೆಯಲ್ಲಿ ಒಂದು ವಾರ ಇದ್ದರೆ ಸಾಕು.

ತಿಪ್ಪೇಸ್ವಾಮಿ ಬಿರಡೆ ತಿರುಗಿಸಿದರು. ಅವರ ಕೈ ಅರ್ಧದಲ್ಲೇ ನಿಂತಿತು. ಮೂಗಿನ ಹೊಳ್ಳೆ ಒಮ್ಮೆ ಅರಳಿ ಮುಚ್ಚಿಕೊಂಡಿತು. ನನಗೆ ಅದು ಕಂಡಿತು. ಚಳ್ಳಕೆರೆಯ ಗಿರಣಿ, ಮೂಟೆ, ಅಪ್ಪ, ಎಲ್ಲ ಆ ಒಂದು ಉಸಿರಿನಲ್ಲಿ ಬಂದುಹೋಗಿರಬೇಕು. ಆದರೂ ಸುರಿದರು. ಅದು ಸುರಿಯಲಿಲ್ಲ, ಉದುರಿತು.

ಅಧ್ಯಕ್ಷರು ನಶ್ಯ ಏರಿಸಿದರು. ಮೂರು ಸೀನಿದರು. ಮೂಸಿದರು. ಕುಡಿದರು. ಕಣ್ಣು ಮುಚ್ಚಿ, ಮಂತ್ರಿಯ ಕೈ ನೆನಪಾದವರಂತೆ ಬಹಳ ಹೊತ್ತು ಕೂತರು.

“ಏನ್ ರಿಚ್ ರೀ! ಗಟ್ಟಿ ನೋಡಿ, ಪಾಯಸದ ಥರ. ತೊಂಬತ್ತಾರು.”

ಶ್ರೀವತ್ಸ ಕುಡಿದರು. ಅವರ ಗಂಟಲು ಎರಡು ಸಲ ಮೇಲೆ ಕೆಳಗೆ ಹೋಯಿತು. “ವಾಹ್ ಸರ್. ತೊಂಬತ್ತೈದು.”

ನನ್ನ ಸರದಿ. ಲೋಟ ಮೂಗಿನ ಹತ್ತಿರ ಬರುತ್ತಲೇ ಏನೋ ರಪ್ಪೆಂದು ಹೊಡೆಯಿತು. ನನ್ನ ಮೂಗು ನನಗಿಂತ ಜಾಣ. ತಕ್ಷಣ ಉಸಿರು ನಿಲ್ಲಿಸಿತು. ನುಂಗಿದೆ. “ತೊಂಬತ್ತನಾಲ್ಕು” ಎಂದೆ. ಬಾಯಿ ತೆರೆದದ್ದಕ್ಕೆ ಒಳಗಿನದು ಹೊರಗೆ ಬರದಿದ್ದದ್ದೇ ನನ್ನ ಪುಣ್ಯ.

“ಈಗ ನಮ್ಮ ಹೊಸ ಮೆಂಬರ್!” ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ತಿಪ್ಪೇಸ್ವಾಮಿ ಕನ್ನಡಕ ತೆಗೆದಿಟ್ಟರು. ಲೋಟ ಎತ್ತಿ ಮೂಸಿದರು. ಒಂದು ಹನಿ ನಾಲಿಗೆಗೆ ಹಾಕಿಕೊಂಡರು. ಎದ್ದು ಹೋಗಿ ಮೋರಿಗೆ ಉಗಿದು ಬಂದರು. ಮಂಡಕ್ಕಿ ಜಗಿದರು. ಪೆನ್ನು ತೆಗೆದುಕೊಂಡು, ಒಂದು ಇಂಚು ಅಗಲದ ತಮ್ಮ ರಾಜ್ಯದಲ್ಲಿ ಬರೆದು, ಆಮೇಲೆ ಓದಿದರು.

“ಹನ್ನೊಂದು.”

“ಎಷ್ಟು?”

“ಹನ್ನೊಂದು ಸರ್. ಬಣ್ಣಕ್ಕೆ ಹತ್ತಕ್ಕೆ ಹತ್ತು. ರುಚಿಗೆ ಒಂದು, ಸಕ್ಕರೆ ಇನ್ನೂ ಕೆಟ್ಟಿಲ್ಲ ಅಂತ. ಕಮಟು ಬಂದಿದೆ ಸರ್. ಬಾದಾಮಿ ಕೆಟ್ಟು ಎಷ್ಟೋ ವರ್ಷ ಆಗಿದೆ. ದಯವಿಟ್ಟು ಇನ್ನು ಕುಡೀಬೇಡಿ.”

ಕೆಳಗೆ ತರಕಾರಿ ಗಾಡಿಯವನು “ಮಟರ್ ಲೇ ಲೋ” ಎಂದು ಕೂಗುತ್ತಿದ್ದ.

ಅಧ್ಯಕ್ಷರು ನಿಧಾನವಾಗಿ ನಶ್ಯದ ಡಬ್ಬಿ ಮುಚ್ಚಿದರು. “ಅಭಿಪ್ರಾಯ ಅವರವರದು. ಅದಕ್ಕೇ ತಾನೆ ಕಾಲಂ ಕೊಟ್ಟಿದ್ದು” ಎಂದು ನಕ್ಕರು. ಆ ನಗೆ ನನಗೆ ಗೊತ್ತು. ಅದನ್ನು ನಕ್ಕ ಮೂರನೆಯ ದಿನಕ್ಕೆ ಯಾರಿಗಾದರೂ ಅಂಡಮಾನಿಗೆ ವರ್ಗವಾಗುತ್ತಿತ್ತು. ಬಳಿಕ ಅವರು ಹಟಕ್ಕೆ ಇನ್ನೆರಡು ಲೋಟ ಕುಡಿದರು. ಶ್ರೀವತ್ಸ ಒಂದು. ನಾನು ಅರ್ಧ. ಆಮೇಲೆ ಶೈಲಜಾ ಊಟ ಬಡಿಸಿದರು. ಗಂಡನ ನಿವೃತ್ತಿಯ ನೆಪಕ್ಕೆ ಅಂದು ಮೊಸರುವಡೆ. ಒಬ್ಬೊಬ್ಬರು ನಾಲ್ಕು ನಾಲ್ಕು ತಿಂದು ಹೊರಟೆವು.

ಸಂಜೆ ಐದು ಗಂಟೆಯೊಳಗೆ ಸಮಿತಿಯ ಮೂವರು ಅಂಕದಾತರೂ ತಂತಮ್ಮ ಮನೆಯ ಶೌಚಾಲಯದಲ್ಲಿ ಪ್ರತ್ಯೇಕ ಸಭೆ ನಡೆಸುತ್ತಿದ್ದರು. ಕುಡಿದದ್ದಕ್ಕೆ ಸರಿಯಾಗಿ, ಪದವಿಗೆ ತಕ್ಕಂತೆ: ಅಧ್ಯಕ್ಷರು ಹತ್ತು ಸಲ, ಶ್ರೀವತ್ಸ ಏಳು ಸಲ, ನಾನು ನಾಲ್ಕು ಸಲ. ತಿಪ್ಪೇಸ್ವಾಮಿ, ಶೈಲಜಾ, ಧಾರಿಣಿ ಮೂವರೂ ಅದೇ ವಡೆ ತಿಂದು, ಸಂಜೆ ಸೆಕ್ಟರಿನ ಪಾರ್ಕಿನಲ್ಲಿ ಮೂರು ಸುತ್ತು ನಡೆದು ಬಂದಿದ್ದರು.

ಬುಧವಾರ ಅಧ್ಯಕ್ಷರು ತುರ್ತು ಸಭೆ ಕರೆದರು, ಅದೇ ಮನೆಯಲ್ಲಿ. ರಿಜಿಸ್ಟರಿಗೆ ಅಂಟಿಸುವ ನಡಾವಳಿಯ ಕರಡನ್ನು ಶ್ರೀವತ್ಸ ಟೈಪ್ ಮಾಡಿಸಿಯೇ ತಂದಿದ್ದರು. ‘ದಿನಾಂಕ ಒಂಬತ್ತರ ಸಭೆಯ ಬಳಿಕ ಸದಸ್ಯರಿಗೆ ಉಂಟಾದ ಅನಾರೋಗ್ಯಕ್ಕೆ ಸಂಚಾಲಕರ ಮನೆಯಲ್ಲಿ ನೀಡಲಾದ ಮೊಸರುವಡೆಯೇ ಕಾರಣವೆಂದು ಸಮಿತಿ ಅಭಿಪ್ರಾಯಪಟ್ಟಿದೆ. ಇನ್ನು ಮುಂದೆ ಉಪಾಹಾರವನ್ನು ಹೊರಗಿನಿಂದ ತರಿಸತಕ್ಕದ್ದು.’ ಕೆಳಗೆ ನಾಲ್ವರ ಸಹಿಗೆ ಜಾಗ. ಮೂರು ಸಹಿ ಬಿದ್ದವು. ಮೂರನೆಯದು ನನ್ನದು. ಪೆನ್ನು ಚೆನ್ನಾಗಿ ಬರೆಯುತ್ತಿತ್ತು ಎಂದು ನೆನಪಿದೆ.

ತಿಪ್ಪೇಸ್ವಾಮಿ ಕಾಗದ ಓದಿ ಮೇಜಿನ ಮೇಲಿಟ್ಟರು. “ಸರ್, ನಾವೂ ಅದೇ ವಡೆ ತಿಂದಿದೀವಿ.”

“ನಿಮಗೆ ಅಭ್ಯಾಸ ಇರುತ್ತೆ” ಎಂದರು ಅಧ್ಯಕ್ಷರು.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಬಿದ್ದದ್ದೋ, ಎಸೆದದ್ದೋ.

“ಸರ್, ಇದೊಂದು ಬೇಡ. ಅವಳ ಹೆಸರು ರಿಜಿಸ್ಟರ್ನಲ್ಲಿ ಹೀಗೆ ಬರೋದು ಬೇಡ. ಹತ್ತೊಂಬತ್ತು ವರ್ಷ ನಿಮಗೆಲ್ಲ ಅನ್ನ ಹಾಕಿದಾಳೆ.”

“ನೋಡಿ ತಿಪ್ಪೇಸ್ವಾಮಿ,” ಅಧ್ಯಕ್ಷರ ದನಿ ಬೆಣ್ಣೆಯಾಯಿತು. “ನನಗೂ ಇಷ್ಟ ಇಲ್ಲ. ಆದರೆ ಏನಾಗುತ್ತೆ, ಒಂದು ಕಡೆ ಮೂರು ಜನ ತೊಂಬತ್ತರ ಮೇಲೆ, ಒಂದು ಕಡೆ ಹನ್ನೊಂದು. ನಾಳೆ ಯಾರಾದ್ರೂ ರಿಜಿಸ್ಟರ್ ನೋಡಿದ್ರೆ, ಬಾಟ್ಲಿ ಕೆಟ್ಟಿತ್ತು ಅಂತಾರೆ. ಬಾಟ್ಲಿ ಕೆಟ್ಟಿಲ್ಲ ಅಂದ್ಮೇಲೆ ವಡೆ ಕೆಟ್ಟಿರ್ಲೇಬೇಕು. ಆ ಹನ್ನೊಂದು ಒಂದು ಇಲ್ದಿದ್ರೆ ಯಾರೂ ಕೇಳೋದಿಲ್ಲ. ಆವಾಗ ಹವಾ ಬದಲಾವಣೆ ಅಂತ ಬರ್ಕೋಬಹುದು. ಹೌದೋ ಅಲ್ವೋ ಶ್ರೀವತ್ಸ?”

“ಹೌದು ಸರ್.”

“ಅಂಕಿ ಪೂರ್ತಿ ಅಳಿಸೋದೂ ಬೇಡ. ಮೊದಲನೇ ಒಂದಕ್ಕೆ ಒಂದು ಸಣ್ಣ ಸೊನ್ನೆ ತಗಲಿಸಿದ್ರೆ ಆಯ್ತು. ಒಂಬತ್ತಾಗುತ್ತೆ. ತೊಂಬತ್ತೊಂದು. ನಮಗಿಂತ ಕಡಿಮೆ ಕೊಟ್ಟ ಹಾಗೂ ಆಯ್ತು, ನಿಮ್ಮ ಅಭಿಪ್ರಾಯ ಭೇದಾನೂ ಉಳೀತು.”

ಇಂಥ ಪರಿಹಾರ ಹೊಳೆಯುವುದಕ್ಕೇ ಮನುಷ್ಯ ಜಾಯಿಂಟ್ ಸೆಕ್ರೆಟರಿ ಆಗಬೇಕು.

ಶೈಲಜಾ ಹೊರಗೆ ಬಂದರು. ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನಮ್ಮ ಯಾರನ್ನೂ ನೋಡದೆ, ಗಂಡನಿಗೆ ಹೇಳಿದರು: “ರೀ, ವಡೆ ಅಂತ್ಲೇ ಬರ್ಕೊಳ್ಲಿ ಬಿಡ್ರಿ. ನನ್ನ ವಡೆ ಏನು ಅಂತ ನನಗೆ ಗೊತ್ತು. ನಿಮ್ಮ ಹನ್ನೊಂದು ಮುಟ್ಟಬೇಡಿ.”

ಆ ಮಾತು ಕೇಳಿ ನನಗೆ ಒಂದು ಕ್ಷಣ, ನಿಜವಾಗಿ ಒಂದೇ ಕ್ಷಣ, ಬಾಯಿ ಬಿಟ್ಟು ‘ನನಗೂ ವಾಸನೆ ಬಂದಿತ್ತು’ ಎನ್ನಬೇಕೆನಿಸಿತು. ಬಿಸ್ಕತ್ತು ತಟ್ಟೆಯಲ್ಲಿತ್ತು. ಬಿಸ್ಕತ್ತು ತಿಂದೆ.

ತಿಪ್ಪೇಸ್ವಾಮಿ ಹೆಂಡತಿಯನ್ನು ನೋಡಿದರು, ಟೈಪ್ ಮಾಡಿದ ಕಾಗದವನ್ನು ನೋಡಿದರು. ಅವರ ಲೆಕ್ಕ ನನಗೆ ಕಾಣುತ್ತಿತ್ತು. ರಿಜಿಸ್ಟರಿನಲ್ಲಿ ಬಂದದ್ದೇ ನಿಜ ಎಂದು ನಂಬಿದ ಮನುಷ್ಯ. ಅದರಲ್ಲಿ ಹೆಂಡತಿಯ ಅಡುಗೆ ಕೆಟ್ಟದ್ದು ಎಂದು ಬಂದರೆ, ಅವರ ಪಾಲಿಗೆ ಅದು ಕೆಟ್ಟೇಹೋದ ಹಾಗೆ. ಆಕೆಗೆ ರಿಜಿಸ್ಟರು ಬರೀ ಕಾಗದ, ಅವರಿಗೆ ಅಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೊರಟಿದ್ದರು, ಎದುರುಬದುರು ದಿಕ್ಕಿನಲ್ಲಿ.

ಅವರು ಪೆನ್ನು ತೆಗೆದುಕೊಂಡರು. ಮುತ್ತಿನಂಥ ಅಕ್ಷರದ ಆ ಕೈ, ಮೊದಲನೆಯ ಒಂದರ ತಲೆಗೆ ಒಂದು ಸಣ್ಣ ಸೊನ್ನೆ ತಗುಲಿಸಿತು. ಬಹಳ ಅಚ್ಚುಕಟ್ಟಾಗಿ. ಮೊದಲಿನಿಂದಲೂ ಒಂಬತ್ತೇ ಇದ್ದಂತೆ. ಷರಾದಲ್ಲಿ ಯಾರೂ ಹೇಳದೆಯೇ ಬರೆದರು: ‘ಸಭೆ ಒಪ್ಪಿತು.’

ಶ್ರೀವತ್ಸ ಟೈಪ್ ಮಾಡಿದ ಕಾಗದವನ್ನು ಮಡಿಸಿ ಜೇಬಿಗಿಟ್ಟರು. ಹರಿಯಲಿಲ್ಲ, ಇಟ್ಟುಕೊಂಡರು.

ಶೈಲಜಾ ಅಲ್ಲಿಯೇ ನಿಂತಿದ್ದರು. “ನನ್ನ ವಡೆಗೆ ನಿಮ್ಮ ಮೂಗು ಕೊಟ್ರಾ?” ಎಂದರು. ಕೂಗಲಿಲ್ಲ. ಒಳಗೆ ಹೋದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯಿಂದ ನಾವು ಕಾಫಿ ಕುಡಿಯದೆ ಎದ್ದೆವು.

ಜುಲೈ ಕೊನೆಗೆ ಅವರು ಕ್ವಾರ್ಟರ್ಸು ಬಿಟ್ಟರು. ಬಿಡುವ ಮುಂಚಿನ ಭಾನುವಾರ ಬೀಳ್ಕೊಡುಗೆ. ಹೊರಗಿನಿಂದ ತರಿಸಿದ ಕಚೋರಿ. ಅಧ್ಯಕ್ಷರು ಭಾಷಣ ಮಾಡಿ, ವರ್ಷದ ಸರ್ವೋತ್ತಮ ಮದ್ಯ ಎಂದು ಬಾದಾಮಿ ಲಿಕರನ್ನು ಘೋಷಿಸಿದರು: ತೊಂಬತ್ತಾರು, ತೊಂಬತ್ತೈದು, ತೊಂಬತ್ತನಾಲ್ಕು, ತೊಂಬತ್ತೊಂದು, ಸಮಿತಿಯ ಇತಿಹಾಸದಲ್ಲೇ ಅತಿ ಹೆಚ್ಚು. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಯಾಕೋ ಯಾರೂ ಮುಗಿಸಿರಲಿಲ್ಲ. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, ತಿಪ್ಪೇಸ್ವಾಮಿಯವರ ಎರಡೂ ಕೈಗೆ ಕೊಟ್ಟು, “ನಮ್ಮ ನೆನಪಿಗೆ. ಷೋಕೇಸ್‌ನಲ್ಲಿ ಇಡಿ” ಎಂದರು. ಚಪ್ಪಾಳೆಯಾಯಿತು. ಮೊದಲು ಶ್ರೀವತ್ಸ, ಆಮೇಲೆ ನಾನು. ರಿಜಿಸ್ಟರು ಶ್ರೀವತ್ಸರ ಕೈಗೆ ಹೋಯಿತು. ಅವರ ಮಾವ ತೀರಿಕೊಂಡು ಮನೆ ಖಾಲಿಯಾಗಿತ್ತು. ಹೊಸ ಪುಟದಲ್ಲಿ ಮತ್ತೆ ಮೂರೇ ಕಾಲಂ. ನೋಯ್ಡಾ ದೂರ, ಅವರಿಗೆ ಬರಲು ಕಷ್ಟ, ಎಂದರು ಅಧ್ಯಕ್ಷರು. ಮೆಟ್ರೋದಲ್ಲಿ ಮುಕ್ಕಾಲು ಗಂಟೆ.

ಕಳೆದ ತಿಂಗಳು ನಾನೇ ಹೋಗಿದ್ದೆ. ಬೆಳಿಗ್ಗೆ ಏಳೂವರೆ. ಗೇಟಿನ ಭಯ್ಯಾ ನನ್ನ ಹೆಸರು, ಫೋನ್ ನಂಬರು ಬರೆಸಿಕೊಂಡು ಹದಿನಾಲ್ಕನೆಯ ಮಹಡಿಗೆ ಬಿಟ್ಟ. ಬಾಗಿಲು ತೆರೆದೇ ಇತ್ತು. ಒಳಗೆ ಷೋಕೇಸಿನಲ್ಲಿ, ಇನ್ನೂ ಡಬ್ಬಿಯಲ್ಲೇ ಇದ್ದ ಆಫೀಸಿನ ಗಡಿಯಾರದ ಪಕ್ಕ, ಕೋಟೆ, ಕುದುರೆ, ರಾಣಿ, ಕೆಂಪು ರಿಬ್ಬನ್. ತಿಪ್ಪೇಸ್ವಾಮಿ ಬೆನ್ನು ತಿರುಗಿಸಿ ನಿಂತಿದ್ದರು. ನಾನು ಬಂದದ್ದು ಅವರಿಗೆ ತಿಳಿದಿರಲಿಲ್ಲ. ನೋಟ್ ಪುಸ್ತಕ ಎಲ್ಲೂ ಕಾಣಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಆ ಬಾಟಲಿಯ ಬಿರಡೆ ತಿರುಗಿಸಿ, ಬಗ್ಗಿ, ಒಮ್ಮೆ ಉಸಿರೆಳೆದರು. ವಾಸನೆ ಬಾಗಿಲವರೆಗೂ ಬಂತು. ಈ ಸಲ ನನ್ನ ಮೂಗಿಗೆ ಉಸಿರು ನಿಲ್ಲಿಸುವಷ್ಟು ಸಮಯ ಸಿಗಲಿಲ್ಲ.

“ಕಮಟು” ಎಂದರು ತಿಪ್ಪೇಸ್ವಾಮಿ, ತಮಗೆ ತಾವೇ, ಹಾಜರಿ ಹೇಳಿದ ಹಾಗೆ.

ಅಡುಗೆಮನೆಯಿಂದ ಶೈಲಜಾ ಕೇಳಿದರು, “ಇವತ್ತೆಷ್ಟು?”

“ಹನ್ನೊಂದು.”

“ಬರ್ದಿರೋದು?”

ಅವರು ಬಿರಡೆ ಬಿಗಿ ಮಾಡಿ, ರಿಬ್ಬನ್ ಸರಿಮಾಡಿ, ಕನ್ನಡಕ ಹಾಕಿಕೊಂಡರು.

“ತೊಂಬತ್ತೊಂದು.”

“ಹ್ಞೂಂ. ಕಾಫಿ ಆರೋಗುತ್ತೆ, ಬನ್ನಿ.”

ನಾನು ಬಾಗಿಲು ತಟ್ಟಲಿಲ್ಲ. ಲಿಫ್ಟು ಅಲ್ಲೇ ನಿಂತಿತ್ತು.